ಅಕ್ಯುಪಂಕ್ಚರ್: ಮೊದಲ ಸಲ ಹೋಗುವ ರೋಗಿಗೆ

ಅಕ್ಯುಪಂಕ್ಚರ್ ಚೀನೀ ಮೂಲದ ಚಿಕಿತ್ಸೆ. ದೇಹದ ಗೊತ್ತುಮಾಡಿದ ಜಾಗಗಳಲ್ಲಿ ತೆಳ್ಳನೆಯ ಸೂಜಿಗಳನ್ನು ಚುಚ್ಚಿ, ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು ತೆಗೆಯುತ್ತಾರೆ. ಸೂಜಿಯಲ್ಲಿ ಔಷಧ ಇರುವುದಿಲ್ಲ. ಜನ ಇದನ್ನು ಹೆಚ್ಚಾಗಿ ಹುಡುಕಿಕೊಂಡು ಹೋಗುವುದು ಬೆನ್ನು, ಕುತ್ತಿಗೆ, ಮಂಡಿ, ತಲೆ ಇವುಗಳ ಹಳೆಯ ನೋವಿಗೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ರೋಗಿಯೊಬ್ಬ ಮೊದಲ ಸಲ ಈ ಚಿಕಿತ್ಸೆಗೆ ಹೊರಟರೆ ಏನೇನು ನಡೆಯುತ್ತದೆ, ಎಷ್ಟು ಗುಣ ನಿರೀಕ್ಷಿಸಬಹುದು, ಯಾವಾಗ ಹೋಗಲೇಬಾರದು ಎಂಬುದು ಈ ಲೇಖನದ ವಿಷಯ.

ಮಲೆನಾಡಿನ ಮೈಕೈ ನೋವು

ಶರಾವತಿ ಹಿನ್ನೀರಿನ ಹೊಳೆಬಾಗಿಲಿನಿಂದ ತೀರ್ಥಹಳ್ಳಿಯ ತುಂಗಾ ದಂಡೆಯವರೆಗೆ ಅಡಕೆಯೇ ಬದುಕು. ಇಲ್ಲಿನ ನೋವುಗಳಲ್ಲೂ ಅಡಕೆಯ ಪಾಲು ದೊಡ್ಡದು. ಕೊಯ್ಲಿನ ತಿಂಗಳುಗಳಲ್ಲಿ ಸುಲಿಯುವವರು ಮೆಟ್ಟುಗತ್ತಿಯ ಮುಂದೆ ಕೂತರೆ ರಾತ್ರಿ ಊಟದ ಹೊತ್ತಿನವರೆಗೂ ಏಳುವುದಿಲ್ಲ. ಕತ್ತಿಯ ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ಬೆನ್ನು ಬಗ್ಗಿಸಿ, ಹಸಿರುಕಾಯನ್ನು ಕತ್ತಿಯ ಬಾಯಿಗೆ ಒತ್ತಿ ಎಬ್ಬಿ ಸಿಪ್ಪೆ ಬಿಡಿಸಬೇಕು. ಒಂದೊಂದು ಕಾಯಿಗೂ ಮಣಿಕಟ್ಟು ತಿರುಗುತ್ತದೆ, ಹೆಬ್ಬೆರಳು ಒತ್ತುತ್ತದೆ, ಭುಜ ಮಾತ್ರ ಒಂದೇ ಭಂಗಿಯಲ್ಲಿ ಬಿಗಿದಿರುತ್ತದೆ. ಸುಲಿಯುವ ಯಂತ್ರ ಬಂದ ಮನೆಗಳಲ್ಲಿ ಈ ಕಷ್ಟ ಇಳಿದಿದೆ, ಇಲ್ಲದ ಮನೆಗಳಲ್ಲಿ ಇದ್ದೇ ಇದೆ. ಮರ ಹತ್ತುವ ಕೊನೆಗೌಡನಿಗೆ ಮಂಡಿ ಮತ್ತು ಸೊಂಟ ಹಿಡಿದರೆ, ನೆಲದ ಮೇಲೆ ನಿಂತೇ ಉದ್ದನೆಯ ದೋಟಿಯಲ್ಲಿ ಕೊನೆ ಇಳಿಸುವವನಿಗೆ ದಿನವೆಲ್ಲ ಮೇಲೆ ನೋಡಿ ನೋಡಿ ಕುತ್ತಿಗೆ ಹಿಡಿಯುತ್ತದೆ. ಬೆಟ್ಟದಿಂದ ಸೊಪ್ಪು, ದರಕು (ತರಗೆಲೆ) ಹೊತ್ತು ತರುವವರ ನಡು ಕೇಳುವುದೇ ಬೇಡ.

ಈ ನೋವುಗಳಿಗೆ ಮೊದಲ ಉಪಚಾರ ಮನೆಯಲ್ಲೇ ಆಗುತ್ತದೆ: ಎಣ್ಣೆ ತಿಕ್ಕಿ ಬಚ್ಚಲ ಹಂಡೆಯ ಬಿಸಿನೀರು ಹೊಯ್ದುಕೊಳ್ಳುವುದು. ಆಮೇಲೆ ಮೆಡಿಕಲ್ ಶಾಪಿನ ಮಾತ್ರೆ, ಉಳುಕು ತೆಗೆಯುವವರು, ಆಯುರ್ವೇದದ ಕಷಾಯ. ಅದಕ್ಕೂ ಬಗ್ಗದಿದ್ದರೆ ಶಿವಮೊಗ್ಗದ ಅಥವಾ ಮಣಿಪಾಲದ ಮೂಳೆ ಡಾಕ್ಟರು. ಅಕ್ಯುಪಂಕ್ಚರ್ ಸಾಮಾನ್ಯವಾಗಿ ಈ ಸಾಲಿನ ಕೊನೆಯಲ್ಲಿ ಬರುತ್ತದೆ. ಆ ಹೊತ್ತಿಗೆ ರೋಗಿಯ ಕೈಯಲ್ಲಿ ಎಕ್ಸ್‌ರೇ ಮತ್ತು ಚೀಟಿಗಳ ಒಂದು ದಪ್ಪ ಕಟ್ಟು ಸೇರಿರುತ್ತದೆ. ಅದು ಪ್ರಯೋಜನಕ್ಕೆ ಬರುವ ಕಟ್ಟು, ಒಯ್ಯಲು ಮರೆಯಬಾರದು.

ಊರಾಚೆಯ ಔಷಧಕ್ಕೆ ಅಲೆಯುವುದು ಈ ಸೀಮೆಗೆ ಹೊಸತಲ್ಲ, ಇಲ್ಲಿಗೆ ಅಲೆದು ಬಂದವರೂ ಬಹಳ. ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ನರಸೀಪುರದಲ್ಲಿ ನಾಟಿ ವೈದ್ಯ ನಾರಾಯಣಮೂರ್ತಿಯವರು 2020ರಲ್ಲಿ ತೀರಿಕೊಳ್ಳುವವರೆಗೂ ಗುರುವಾರ ಮತ್ತು ಭಾನುವಾರ ಕೊಡುತ್ತಿದ್ದ ಮರದ ಚಕ್ಕೆಯ ಔಷಧಕ್ಕೆ ಹೊರರಾಜ್ಯಗಳಿಂದಲೂ ಜನ ಬಂದು ಸರದಿ ನಿಲ್ಲುತ್ತಿದ್ದರು. ಆ ಔಷಧ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬುದು ವೈದ್ಯಕೀಯ ಪ್ರಯೋಗಗಳಲ್ಲಿ ಸಿದ್ಧವಾದದ್ದಲ್ಲ. ಇಲ್ಲಿ ಗಮನಿಸಬೇಕಾದ್ದು ಬೇರೆ. ನರಸೀಪುರಕ್ಕೆ ರೋಗಿಯೇ ಬರಬೇಕೆಂದಿರಲಿಲ್ಲ, ಮನೆಯವರು ರಿಪೋರ್ಟು ತಂದರೂ ಸಾಕಿತ್ತು. ಅಕ್ಯುಪಂಕ್ಚರಿಗೆ ಅದು ನಡೆಯುವುದಿಲ್ಲ. ರೋಗಿಯೇ ಹೋಗಬೇಕು, ಒಂದು ಸಲವಲ್ಲ, ಹಲವು ಸಲ.

ಚೀನಾದಿಂದ ಇಲ್ಲಿಗೆ

ಸೂಜಿ ಚಿಕಿತ್ಸೆಯ ಸಿದ್ಧಾಂತ ಮೊದಲು ವ್ಯವಸ್ಥಿತವಾಗಿ ಕಾಣುವುದು ಕ್ರಿಸ್ತಪೂರ್ವ ಕೊನೆಯ ಶತಮಾನಗಳಲ್ಲಿ ರೂಪುಗೊಂಡ ‘ಹುವಾಂಗ್‌ದಿ ನೈಜಿಂಗ್’ ಎಂಬ ಚೀನೀ ವೈದ್ಯಗ್ರಂಥದಲ್ಲಿ. ‘ಚೀ’ ಎಂಬ ಪ್ರಾಣಶಕ್ತಿ ದೇಹದ ನಾಳಗಳಲ್ಲಿ ಹರಿಯುತ್ತದೆ, ಅದು ತಡೆದಾಗ ರೋಗ, ಸೂಜಿಯಿಂದ ತಡೆ ಬಿಡುತ್ತದೆ ಎಂಬುದು ಅದರ ತಿರುಳು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಮಾನದಂಡದ ಪುಸ್ತಕದಲ್ಲಿ ಸೂಜಿ ಚುಚ್ಚುವ 361 ಬಿಂದುಗಳ ಜಾಗ ಗೊತ್ತುಮಾಡಿದೆ. ಸುಶ್ರುತನ ಕಾಲದಲ್ಲೇ ಅಕ್ಯುಪಂಕ್ಚರ್ ನಮ್ಮಲ್ಲಿತ್ತು ಎಂದು ಕೆಲವು ಚಿಕಿತ್ಸಾಲಯಗಳ ಗೋಡೆಯ ಮೇಲೆ ಬರೆದಿರುವುದುಂಟು. ಸುಶ್ರುತ ಸಂಹಿತೆಯಲ್ಲಿ ರಕ್ತ ಬಿಡಿಸುವ ಸಿರಾವ್ಯಧ, ಸುಟ್ಟು ಗುಣಪಡಿಸುವ ಅಗ್ನಿಕರ್ಮ ಇವೆ ನಿಜ. ಅವು ಬೇರೆ ವಿಧಾನಗಳು, ಬೇರೆ ತರ್ಕ. ಹಿರಿಮೆಗಾಗಿ ಎರಡನ್ನೂ ಬೆರೆಸಬೇಕಾದ ಅಗತ್ಯವಿಲ್ಲ.

ಭಾರತಕ್ಕೆ ಇದು ಬಂದ ದಾರಿಯಲ್ಲಿ ಒಂದು ಯುದ್ಧವಿದೆ. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ನೆರವಾಗಲು ಕಾಂಗ್ರೆಸ್ 1938ರಲ್ಲಿ ಐವರು ವೈದ್ಯರ ತಂಡವನ್ನು ಕಳಿಸಿತು. ಅದರಲ್ಲಿ ಹೆಸರಾದವರು ದ್ವಾರಕಾನಾಥ ಕೋಟ್ನೀಸ್. ಕನ್ನಡಿಗರೂ ದೊಡ್ಡ ಸಂಖ್ಯೆಯಲ್ಲಿರುವ ಗಡಿಯೂರು ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದವರು, 1942ರಲ್ಲಿ ಚೀನಾದಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಂಗಾಳದ ಬಿಜಯಕುಮಾರ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕೋಲ್ಕತ್ತದಲ್ಲಿ ಶುರುಮಾಡಿದರು. ಪಶ್ಚಿಮ ಬಂಗಾಳ 1996ರಲ್ಲೂ ಮಹಾರಾಷ್ಟ್ರ 2015ರಲ್ಲೂ ಇದಕ್ಕೆಂದೇ ಕಾಯ್ದೆ ಮಾಡಿದವು. ಕೇಂದ್ರ ಆರೋಗ್ಯ ಸಚಿವಾಲಯ 2019ರ ಫೆಬ್ರವರಿಯ ಆದೇಶದಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಒಪ್ಪಿಕೊಂಡಿತು.

ಸೂಜಿ ಹಿಡಿದವರು ಯಾರು

ಹೊಸ ರೋಗಿ ಸೂಜಿಗಿಂತ ಮೊದಲು ನೋಡಬೇಕಾದ್ದು ಇದನ್ನೇ. ಕರ್ನಾಟಕದಲ್ಲಿ ಅಕ್ಯುಪಂಕ್ಚರ್ ಹೆಚ್ಚಾಗಿ ಪ್ರಕೃತಿ ಚಿಕಿತ್ಸೆಯ ಬಾಗಿಲಿನಿಂದ ಬಂದಿದೆ. ಬಿಎನ್‌ವೈಎಸ್ ಎಂಬ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್‌ನ ಕೋರ್ಸು. ಅಕ್ಯುಪಂಕ್ಚರ್ ಅದರ ಪಠ್ಯದಲ್ಲಿದೆ. ಈ ಪದವಿಗೆ ನಾಡಿನಲ್ಲಿ ಹೆಸರಾದ ಕಾಲೇಜು ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜು, 1989ರಲ್ಲಿ ಆರಂಭವಾದದ್ದು. ಧರ್ಮಸ್ಥಳದ ಶಾಂತಿವನ, ಉಡುಪಿ ಬಳಿಯ ಪರೀಕದ ಸೌಖ್ಯವನ ಅದೇ ಸಂಸ್ಥೆಯ ಆಸ್ಪತ್ರೆಗಳು. ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿ ಇಳಿದರೆ ಪರೀಕ ದೂರವೇನಲ್ಲ. ಇಂಥ ಕಡೆ ಒಳರೋಗಿಯಾಗಿ ಕೆಲವು ದಿನ ಉಳಿಯುವ ಪದ್ಧತಿಯಿದೆ. ಆಹಾರ, ಯೋಗ, ನೀರಿನ ಉಪಚಾರಗಳ ಜೊತೆಗೆ ಅಕ್ಯುಪಂಕ್ಚರ್ ಒಂದು ಭಾಗವಾಗಿ ಬರುತ್ತದೆ. ಹಾಗಾಗಿ ನೋವು ಇಳಿದರೆ ಅದು ಸೂಜಿಯಿಂದಲೋ, ಹತ್ತು ದಿನ ಮೆಟ್ಟುಗತ್ತಿ ಮುಟ್ಟದೆ ಇದ್ದುದರಿಂದಲೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಬಿಎನ್‌ವೈಎಸ್ ವೈದ್ಯರಲ್ಲದೆ ಕೆಲವು ಎಂಬಿಬಿಎಸ್, ಆಯುರ್ವೇದ ವೈದ್ಯರೂ ತರಬೇತಿ ಪಡೆದು ಸೂಜಿ ಹಾಕುತ್ತಾರೆ. ಫಿಸಿಯೋಥೆರಪಿಸ್ಟರು ಮಾಡುವ ‘ಡ್ರೈ ನೀಡ್ಲಿಂಗ್’ ನೋಡಲು ಹೀಗೆಯೇ ಇದ್ದರೂ ಅದಕ್ಕೆ ಚೀನೀ ನಾಳಗಳ ಲೆಕ್ಕವಿಲ್ಲ, ಸ್ನಾಯುವಿನ ಗಂಟುಗಳಿಗೆ ನೇರವಾಗಿ ಚುಚ್ಚುವುದು ಅದರ ಕ್ರಮ. ಇನ್ನು ಊರ ಸಮುದಾಯ ಭವನಗಳಲ್ಲಿ ವಾರ, ಹದಿನೈದು ದಿನ ನಡೆಯುವ ಅಕ್ಯುಪ್ರೆಷರ್ ಶಿಬಿರಗಳಲ್ಲಿ ಸೂಜಿಯೇ ಇರುವುದಿಲ್ಲ. ಅಲ್ಲಿ ಬೆರಳಿನಿಂದಲೋ ಮರದ ಕಡ್ಡಿಯಿಂದಲೋ ಒತ್ತುತ್ತಾರೆ, ಕೊನೆಗೆ ಕಾಲಡಿ ಉರುಳಿಸುವ ಮರದ ಉರುಳೆಯನ್ನು ಮಾರುತ್ತಾರೆ. ಕೆಲವೇ ದಿನ ಅಥವಾ ವಾರಗಳ ಸರ್ಟಿಫಿಕೇಟ್ ಕೋರ್ಸು ಮುಗಿಸಿ ಬೋರ್ಡು ಹಾಕಿಕೊಂಡವರೂ ಇದ್ದಾರೆ. ಕರ್ನಾಟಕದಲ್ಲಿ ಅಕ್ಯುಪಂಕ್ಚರಿಗೆಂದೇ ಪ್ರತ್ಯೇಕ ಕಾಯ್ದೆ, ಮಂಡಳಿ ಇಲ್ಲದ್ದರಿಂದ ರೋಗಿಯೇ ಎರಡು ವಿಷಯ ವಿಚಾರಿಸಿಕೊಳ್ಳಬೇಕು: ಚಿಕಿತ್ಸೆ ಕೊಡುವವರ ಪದವಿ ಮತ್ತು ನೋಂದಣಿ ಸಂಖ್ಯೆ, ಹಾಗೂ ಚಿಕಿತ್ಸಾಲಯಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇಯಡಿ, ನೋಂದಣಿ ಇದೆಯೇ ಎಂಬುದು. ನೋಂದಣಿ ಪತ್ರ ಕಾಣುವಂತೆ ತೂಗುಹಾಕಿರಬೇಕು. ಕೇಳಿದರೆ ಮುನಿಸಿಕೊಳ್ಳುವವರ ಹತ್ತಿರ ಸೂಜಿ ಹಾಕಿಸಿಕೊಳ್ಳದಿರುವುದೇ ವಾಸಿ.

ಮೊದಲ ಭೇಟಿ

ಮೊದಲ ಭೇಟಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಅದರಲ್ಲಿ ಅರ್ಧಕ್ಕೂ ಹೆಚ್ಚು ಹೊತ್ತು ಮಾತಿಗೇ ಹೋಗುತ್ತದೆ. ಮಂಡಿನೋವೆಂದು ಹೋದವರಿಗೆ ನಿದ್ದೆ ಹೇಗಿದೆ, ಹಸಿವೆ ಹೇಗಿದೆ, ಮಲ ಸರಿಯಾಗಿ ಹೋಗುತ್ತದೆಯೇ, ಚಳಿ ಹೆಚ್ಚೋ ಸೆಕೆ ಹೆಚ್ಚೋ, ಹೆಂಗಸರಾದರೆ ಮುಟ್ಟು ಹೇಗೆ ಎಂದೆಲ್ಲ ಕೇಳಿದಾಗ, ಇದೆಲ್ಲ ಯಾಕೆ ಎನಿಸುತ್ತದೆ. ಚೀನೀ ಪದ್ಧತಿಯಲ್ಲಿ ರೋಗವನ್ನು ಅಳೆಯುವುದೇ ಹೀಗೆ. ಅಷ್ಟು ಹೊತ್ತು ಕೂತು ಕೇಳುವ ವೈದ್ಯರು ಸಿಗುವುದೇ ಅಪರೂಪವಾದ ಕಾಲದಲ್ಲಿ ಆ ಕೇಳುವಿಕೆಯಿಂದಲೇ ರೋಗಿಗೆ ಒಂದಿಷ್ಟು ಹಗುರಾಗುತ್ತದೆ. ಇದನ್ನು ಕುಹಕಕ್ಕೆ ಹೇಳಿದ್ದಲ್ಲ, ಚಿಕಿತ್ಸೆಯ ಗುಣದಲ್ಲಿ ಇದಕ್ಕೂ ಪಾಲಿದೆ.

ಆಮೇಲೆ ಎರಡೂ ಮಣಿಕಟ್ಟಿನಲ್ಲಿ ನಾಡಿ ಹಿಡಿಯುತ್ತಾರೆ, ಒಂದೊಂದರಲ್ಲೂ ಮೂರು ಜಾಗದಲ್ಲಿ ಮೂರು ಬೆರಳಿಟ್ಟು. ನಾಲಿಗೆ ಚಾಚಿಸಿ ಅದರ ಬಣ್ಣ, ಅಂಚು, ಮೇಲಿನ ಪದರ ನೋಡುತ್ತಾರೆ. ಇಲ್ಲಿ ಮಲೆನಾಡಿನವರಿಗೆ ಒಂದು ಸೂಚನೆ ಅಗತ್ಯ. ಕವಳ ಹಾಕಿಕೊಂಡು ಹೋದರೆ ನಾಲಿಗೆ ತೋರಿಸುವುದು ಎಲೆ, ಅಡಕೆ, ಸುಣ್ಣದ ಬಣ್ಣವನ್ನೇ. ಅಂದು ಬೆಳಿಗ್ಗೆ ಕವಳ ಬಿಡಬೇಕು, ಕಾಫಿ ಕುಡಿದು ತಕ್ಷಣ ಹೋಗಬಾರದು, ನಾಲಿಗೆ ಕೆರೆದುಕೊಳ್ಳಬಾರದು. ಹೊಟ್ಟೆ ತೀರಾ ಖಾಲಿಯೂ ಇರಬಾರದು, ಭರ್ತಿಯೂ ಇರಬಾರದು. ಖಾಲಿ ಹೊಟ್ಟೆಯಲ್ಲಿ ಸೂಜಿ ಹಾಕಿಸಿಕೊಂಡು ತಲೆತಿರುಗಿ ಬೀಳುವವರು ಹೆಚ್ಚು, ಅದರಲ್ಲೂ ಮೊದಲ ಸಲ. ಎರಡು ಇಡ್ಲಿಯಷ್ಟು ತಿಂಡಿ ಸಾಕು. ಬಟ್ಟೆ ಮೊಣಕೈ, ಮೊಣಕಾಲಿನ ಮೇಲಕ್ಕೆ ಸರಿಯುವಷ್ಟು ಸಡಿಲವಿರಲಿ. ಹೆಣ್ಣುಮಕ್ಕಳು ಜೊತೆಗೊಬ್ಬರನ್ನು ಒಳಗೇ ಕೂರಿಸಿಕೊಳ್ಳಲು ಕೇಳಬಹುದು, ಅದು ಅವರ ಹಕ್ಕು.

ವೈದ್ಯರು ಕೇಳದಿದ್ದರೂ ರೋಗಿಯೇ ಬಾಯಿಬಿಟ್ಟು ಹೇಳಬೇಕಾದ ಸಂಗತಿಗಳಿವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು ಮೊದಲನೆಯದು. ಹೃದಯಕ್ಕೆ ಸ್ಟೆಂಟು ಹಾಕಿಸಿಕೊಂಡವರು ಕ್ಲೋಪಿಡೋಗ್ರೆಲ್, ಕವಾಟದ ಆಪರೇಷನ್ ಆದವರು ವಾರ್ಫರಿನ್ ತಿನ್ನುತ್ತಿರುತ್ತಾರೆ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟು ಕೊಡುವ ವಿಧಾನ ಆಗದು. ಬಸುರಿಯಾಗಿದ್ದರೆ, ಆಗಿರಬಹುದೆಂಬ ಅನುಮಾನವಿದ್ದರೂ, ಹೇಳಬೇಕು. ಹೆಬ್ಬೆರಳು ತೋರುಬೆರಳುಗಳ ನಡುವಿನ ‘ಹೆಗು’ ಸೇರಿದಂತೆ ಕೆಲವು ಬಿಂದುಗಳನ್ನು ಬಸುರಿಯರಲ್ಲಿ ಮುಟ್ಟಬಾರದೆಂಬುದು ಹಳೆಯ ನಿಯಮ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಅಲ್ಲಿ ಚುಚ್ಚಿದ್ದು ಗೊತ್ತಾಗುವುದಿಲ್ಲ, ಗಾಯವಾದರೆ ಬೇಗ ಮಾಯುವುದೂ ಇಲ್ಲ.

ಸೂಜಿ

ಎಲ್ಲರ ಭಯವೂ ಇದರ ಸುತ್ತಲೇ. ಇಂಜೆಕ್ಷನ್ನಿನ ಸೂಜಿ ಟೊಳ್ಳಾಗಿರುತ್ತದೆ, ತುದಿ ಓರೆಯಾಗಿ ಕತ್ತರಿಸಿದ್ದು, ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ದಪ್ಪ. ಅಕ್ಯುಪಂಕ್ಚರಿನ ಸೂಜಿ ಒಳಗೆ ಗಟ್ಟಿ, ಸ್ಟೇನ್‌ಲೆಸ್ ಸ್ಟೀಲಿನದು, ಕಾಲು ಮಿಲಿಮೀಟರಿನ ಆಸುಪಾಸು, ಎರಡು ಮೂರು ತಲೆಗೂದಲನ್ನು ಒಟ್ಟಿಗೆ ಹಿಡಿದಷ್ಟು. ಹಿಡಿಯಲು ಹಿಂಬದಿಗೆ ಸುರುಳಿ ಸುತ್ತಿದ ತಂತಿಯ ಹಿಡಿ ಇರುತ್ತದೆ. ಒಂದೊಂದು ಸೂಜಿಯೂ, ಅಥವಾ ಐದು ಹತ್ತರ ಗುಂಪು, ಮುಚ್ಚಿದ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಪ್ಯಾಕೆಟ್ಟನ್ನು ರೋಗಿಯ ಕಣ್ಣೆದುರೇ ಹರಿಯಬೇಕು. ಒಮ್ಮೆ ಬಳಸಿದ ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಇನ್ನೊಬ್ಬರಿಗೆ ಹಾಕುವುದನ್ನು ಕಂಡರೆ ಎದ್ದು ಬರಬೇಕು. ಹೆಪಟೈಟಿಸ್ ಬಿ, ಸಿ ಹರಡುವ ದಾರಿ ಅದು. ಬಳಸಿದ ಸೂಜಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಚುಚ್ಚಿದರೂ ತೂತಾಗದ ಬಿಳಿ ಅರೆಪಾರದರ್ಶಕ ಡಬ್ಬಿಗೆ ಹೋಗಬೇಕು, ಕಸದ ಬುಟ್ಟಿಗಲ್ಲ.

ರೋಗಿ ಮಂಚದ ಮೇಲೆ ಮಲಗುತ್ತಾನೆ. ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸುತ್ತಾರೆ. ಸಣ್ಣ ಪ್ಲಾಸ್ಟಿಕ್ ಕೊಳವೆಯೊಳಗೆ ಸೂಜಿಯನ್ನಿಟ್ಟು, ಕೊಳವೆಯ ಬಾಯನ್ನು ಬಿಂದುವಿನ ಮೇಲೆ ಒತ್ತಿ, ಹೊರಗೆ ಉಳಿದ ಹಿಡಿಯ ತುದಿಯನ್ನು ತೋರುಬೆರಳಿನಿಂದ ತಟ್ಟುತ್ತಾರೆ. ಆ ಕ್ಷಣ ಗೊತ್ತಾಗುವುದು ಕೊಳವೆಯ ಒತ್ತಡವೇ ಹೆಚ್ಚು, ಸೂಜಿ ಕಡಿಮೆ. ಕೊಳವೆ ತೆಗೆದು ಸೂಜಿಯನ್ನು ಇನ್ನಷ್ಟು ಒಳಕ್ಕೆ ಇಳಿಸಿ, ಬೆರಳುಗಳ ನಡುವೆ ಅತ್ತಿತ್ತ ತಿರುಗಿಸುತ್ತಾರೆ. ನೋವಿಗಿಂತ ಬೇರೆಯಾದ ಅನುಭವ ಬರುವುದು ಆಗ: ಜುಮ್ಮೆನ್ನುವುದು, ಭಾರವಾಗುವುದು, ಒಳಗೆ ಏನೋ ಎಳೆದಂತಾಗುವುದು. ಚೀನೀ ವೈದ್ಯರು ಇದನ್ನು ‘ದ ಚೀ’ ಎನ್ನುತ್ತಾರೆ, ಸೂಜಿ ಸರಿಯಾದ ಜಾಗಕ್ಕೆ ಬಿದ್ದಿದೆ ಎಂಬುದಕ್ಕೆ ಗುರುತು ಎಂದು ನಂಬುತ್ತಾರೆ. ಕರೆಂಟು ಹೊಡೆದಂಥ ಅಥವಾ ಉರಿಯುವಂಥ ಚುರುಕು ನೋವು ಬಂದರೆ ಮಾತ್ರ ಸಹಿಸಿಕೊಂಡು ಸುಮ್ಮನಿರಬಾರದು. ಸೂಜಿ ನರಕ್ಕೋ ರಕ್ತನಾಳಕ್ಕೋ ತಾಗಿರಬಹುದು, ಹೇಳಿದರೆ ಹಿಂದಕ್ಕೆ ಎಳೆಯುತ್ತಾರೆ.

ಸಾಮಾನ್ಯವಾಗಿ ಐದರಿಂದ ಹದಿನೈದು ಸೂಜಿ. ಬೆನ್ನುನೋವಿಗೆ ಬೆನ್ನಿಗಷ್ಟೇ ಹಾಕುತ್ತಾರೆ ಎಂದುಕೊಂಡವರಿಗೆ ಮಂಡಿಯ ಹಿಂದೆ, ಪಾದದ ಮೇಲೆ, ಕಿವಿಯಲ್ಲಿ ಸೂಜಿ ಕಂಡು ಆಶ್ಚರ್ಯವಾಗುತ್ತದೆ. ಮಂಡಿಚಿಪ್ಪಿನ ಕೆಳಗೆ ಹೊರಬದಿಯಲ್ಲಿರುವ ‘ಜುಸಾನ್ಲಿ’ ಬಹುತೇಕ ಎಲ್ಲರಿಗೂ ಬೀಳುವ ಬಿಂದು. ಸೂಜಿಗಳನ್ನು ಇಪ್ಪತ್ತರಿಂದ ಮೂವತ್ತು ನಿಮಿಷ ಬಿಡುತ್ತಾರೆ. ಕೆಲವರು ಎರಡು ಸೂಜಿಗಳ ನಡುವೆ ಸಣ್ಣ ಯಂತ್ರದ ತಂತಿ ಸಿಕ್ಕಿಸಿ ಮೆದು ಕರೆಂಟು ಹಾಯಿಸುತ್ತಾರೆ, ಆಗ ಸ್ನಾಯು ಮಿಡಿಯುತ್ತದೆ. ಕೆಲವು ಕಡೆ ಮಾಕ್ಸಾ ಎಂಬ ಸೊಪ್ಪಿನ ಬತ್ತಿ ಹೊತ್ತಿಸಿ ಚರ್ಮದ ಹತ್ತಿರ ಹಿಡಿದು ಶಾಖ ಕೊಡುತ್ತಾರೆ. ಗಣಪತಿಗೆ ಏರಿಸುವ ಮಾಚಿಪತ್ರೆಯ ಕುಲದ್ದೇ ಆ ಸೊಪ್ಪು. ಕಾಮಾಲೆಗೆ ಬರೆ ಹಾಕುವುದನ್ನು ಕಂಡವರು ಇದೂ ಹಾಗೇ ಎಂದು ಹೆದರಬೇಕಿಲ್ಲ, ಚರ್ಮ ಸುಡುವಂತಿಲ್ಲ. ಸುಟ್ಟರೆ ಅದು ಚಿಕಿತ್ಸೆಯ ತಪ್ಪು.

ಮಲಗಿದ್ದಾಗ ಬಹಳ ಜನಕ್ಕೆ ನಿದ್ದೆ ಬರುತ್ತದೆ. ಸೂಜಿಗಳನ್ನು ತೆಗೆಯುವಾಗ ವೈದ್ಯರು ಎಣಿಸಬೇಕು. ಕೂದಲ ಮರೆಯಲ್ಲಿ, ಕಿವಿಯ ಹಿಂದೆ ಒಂದು ಉಳಿದುಬಿಡುವುದು ಈ ಕಸುಬಿನ ಹಳೆಯ ತೊಂದರೆ.

ಎಷ್ಟು ಸಲ

ಎದ್ದ ಮೇಲೆ ಸ್ವಲ್ಪ ಹೊತ್ತು ಮಂಪರು, ಹಗುರ, ಕೆಲವರಿಗೆ ಸುಸ್ತು. ತಕ್ಷಣ ಬೈಕು ಹತ್ತಬಾರದು, ಘಾಟಿ ರಸ್ತೆಯಲ್ಲಂತೂ ಬೇಡವೇ ಬೇಡ. ಒಂದೆರಡು ದಿನ ನೋವು ಹೆಚ್ಚಾದಂತೆ ಕಾಣಬಹುದು, ಆಮೇಲೆ ಇಳಿಯುತ್ತದೆ. ಚುಚ್ಚಿದ ಕಡೆ ಕಪ್ಪುಗಟ್ಟಿದರೆ ವಾರದಲ್ಲಿ ಮಾಯುತ್ತದೆ. ಅಂದೇ ಅಡಕೆ ಕೊನೆ ಹೊರಲು ಹೋಗದಿರುವುದು ಒಳ್ಳೆಯದು.

ಒಂದೇ ಸಲಕ್ಕೆ ಗುಣವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬಾರದು. ವಾರಕ್ಕೆ ಒಂದೋ ಎರಡೋ ಸಲದಂತೆ ಆರರಿಂದ ಹತ್ತು, ಹನ್ನೆರಡು ಸಲ ಎಂಬುದು ರೂಢಿ. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ನೈಸ್ 2012ರಲ್ಲಿ ತಲೆನೋವಿಗೆ ಹೇಳಿದ್ದು ಐದರಿಂದ ಎಂಟು ವಾರಗಳಲ್ಲಿ ಹತ್ತು ಸಲದವರೆಗೆ ಎಂದು. ನಾಲ್ಕೈದು ಸಲ ಆದರೂ ಚೂರೂ ವ್ಯತ್ಯಾಸ ಕಾಣದಿದ್ದರೆ ಮುಂದುವರಿಸುವುದಕ್ಕೆ ಅರ್ಥವಿಲ್ಲ. ಹತ್ತು ಸಲದ ಹಣ ಮುಂಗಡವಾಗಿ ಕಟ್ಟಿಸಿಕೊಳ್ಳುವ ಪ್ಯಾಕೇಜುಗಳಲ್ಲಿ ಈ ಸ್ವಾತಂತ್ರ್ಯವೇ ಹೋಗುತ್ತದೆ. ನೋವು ಎಷ್ಟಿದೆ, ಎಷ್ಟು ಹೊತ್ತು ಕೂರಲು ಆಗುತ್ತದೆ, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಗುಣ ಇದೆಯೋ ಇಲ್ಲವೋ ಎಂದು ಮನಸ್ಸಿಗೆ ಮೋಸ ಮಾಡಿಕೊಳ್ಳಲಾಗುವುದಿಲ್ಲ.

ಖರ್ಚಿನ ಲೆಕ್ಕದಲ್ಲಿ ಬಸ್ಸಿನ ಚಾರ್ಜು, ತಪ್ಪಿದ ಕೂಲಿ ಎರಡನ್ನೂ ಸೇರಿಸಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿನಾಚೆ ಉಳಿದ ತುಮರಿ ಸುತ್ತಿನ ಹಳ್ಳಿಗಳವರು ಸಾಗರದ ಆಸ್ಪತ್ರೆಗೂ ಹೊಳೆಬಾಗಿಲಿನ ಲಾಂಚನ್ನೇ ಕಾಯಬೇಕಿತ್ತು. ಸಂಜೆ ಲಾಂಚು ನಿಂತ ಮೇಲೆ ದಾರಿಯೇ ಇರಲಿಲ್ಲ. ವಾರಕ್ಕೆರಡು ಸಲ, ಐದಾರು ವಾರ ಎಂಬ ಚಿಕಿತ್ಸೆ ಅಂಥವರಿಗೆ ದೂರದ ಮಾತಾಗಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು ತೆರೆದ ಮೇಲೆ ಹೊಳೆ ದಾಟುವ ಕಷ್ಟ ತೀರಿದೆ. ಆದರೂ ಅಲ್ಲಿಂದ ಶಿವಮೊಗ್ಗಕ್ಕೆ ಹೋಗಿಬರಲು ಇಡೀ ದಿನ ಬೇಕು, ಬಸ್ಸಿನ ಕುಲುಕಾಟ ಬೇರೆ. ಸೊಂಟನೋವಿನವರು ಅಷ್ಟು ದೂರ ಕೂತು ಹೋಗಿ, ಸೂಜಿ ಹಾಕಿಸಿಕೊಂಡು, ಅಷ್ಟೇ ದೂರ ಕೂತು ವಾಪಸಾಗುವುದರಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದು. ಅಂಥವರಿಗೆ ಎಲ್ಲಾದರೂ ಹತ್ತು ದಿನ ಉಳಿದು ಮಾಡಿಸಿಕೊಳ್ಳುವುದು, ಇಲ್ಲವೇ ಹತ್ತಿರದ ಫಿಸಿಯೋಥೆರಪಿಸ್ಟರಿಂದ ವ್ಯಾಯಾಮ ಕಲಿಯುವುದು ಮೇಲು.

ಎಷ್ಟು ಗುಣ

ಪ್ರಾಣಶಕ್ತಿ ಹರಿಯುವ ನಾಳಗಳು ಅಂಗರಚನೆಯಲ್ಲಿ ಎಲ್ಲೂ ಸಿಕ್ಕಿಲ್ಲ. ಸೂಜಿಯಿಂದ ನರಗಳು ಪ್ರಚೋದನೆಗೊಂಡು ಎಂಡಾರ್ಫಿನ್‌ನಂಥ ನೋವು ತಗ್ಗಿಸುವ ರಾಸಾಯನಿಕಗಳು ಹೊರಬರುತ್ತವೆ ಎಂಬುದಕ್ಕೆ 1970ರ ದಶಕದಿಂದ ಪ್ರಯೋಗಗಳ ಆಧಾರವಿದೆ. ಆದರೆ ಸರಿಯಾದ ಬಿಂದುವಿಗೇ ಚುಚ್ಚಬೇಕೇ ಎಂಬ ಪ್ರಶ್ನೆಗೆ ಉತ್ತರ ಮುಜುಗರದ್ದು. ಜರ್ಮನಿಯಲ್ಲಿ ಹಳೆಯ ಸೊಂಟನೋವಿನ 1162 ರೋಗಿಗಳನ್ನು ಮೂರು ಗುಂಪು ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಸುಧಾರಿಸಿದವರು ನಿಜವಾದ ಅಕ್ಯುಪಂಕ್ಚರ್ ಗುಂಪಿನಲ್ಲಿ ಶೇ 47.6, ಬಿಂದುವಲ್ಲದ ಜಾಗಕ್ಕೆ ಮೇಲುಮೇಲೆ ಚುಚ್ಚಿದ ಸೋಗಿನ ಗುಂಪಿನಲ್ಲಿ ಶೇ 44.2, ಮಾತ್ರೆ, ವ್ಯಾಯಾಮಗಳ ರೂಢಿಯ ಚಿಕಿತ್ಸೆಯಲ್ಲಿ ಶೇ 27.4. ಸೂಜಿ ಹಾಕಿಸಿಕೊಂಡವರಿಗೆ ಗುಣ ಕಂಡದ್ದು ಹೌದು, ಎಲ್ಲಿ ಹಾಕಿದರೆಂಬುದು ಅಷ್ಟು ಮುಖ್ಯವಾಗಲಿಲ್ಲ ಎಂಬುದೂ ಹೌದು. 39 ಪ್ರಯೋಗಗಳ 20,827 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಬಂದ ವಿಶ್ಲೇಷಣೆ ಹಳೆಯ ನೋವುಗಳಲ್ಲಿ ನಿಜ ಸೂಜಿ ಸೋಗಿನ ಸೂಜಿಗಿಂತ ಸ್ವಲ್ಪ ಮೇಲು ಎಂದು ಕಂಡಿತು, ಗುಣದ ಬಹುಪಾಲು ಒಂದು ವರ್ಷದ ನಂತರವೂ ಉಳಿದಿತ್ತು.

ಇಂಥ ಅಂಕಿಗಳನ್ನು ಎರಡು ದೇಶಗಳು ಎರಡು ಥರ ಓದಿದ್ದು ಸ್ವಾರಸ್ಯಕರ. ಸೊಂಟನೋವು ಮತ್ತು ಮಂಡಿ ಸವೆತದ ನೋವಿಗೆ ಅಕ್ಯುಪಂಕ್ಚರ್ ಖರ್ಚನ್ನು ವಿಮೆಯಿಂದ ಕೊಡಲು ಜರ್ಮನಿ 2006ರಲ್ಲಿ ನಿರ್ಧರಿಸಿತು. ಬ್ರಿಟನ್ 2009ರಲ್ಲಿ ಸೊಂಟನೋವಿಗೆ ಶಿಫಾರಸು ಮಾಡಿ 2016ರಲ್ಲಿ ಅದನ್ನು ಹಿಂತೆಗೆಯಿತು. ಅರೆತಲೆನೋವಿನ ವಿಷಯದಲ್ಲಿ ಒಪ್ಪಿಗೆ ಹೆಚ್ಚು. ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2016ರ ಪರಿಶೀಲನೆಯ ಪ್ರಕಾರ ಅಕ್ಯುಪಂಕ್ಚರ್ ಪಡೆದ ನೂರರಲ್ಲಿ 41 ಮಂದಿಗೆ ತಲೆನೋವಿನ ದಿನಗಳು ಅರ್ಧಕ್ಕಿಳಿದವು, ರೂಢಿಯ ಆರೈಕೆಯಲ್ಲಿ 17 ಮಂದಿಗೆ. ಆಪರೇಷನ್ ನಂತರದ ವಾಕರಿಕೆಗೂ ಮಣಿಕಟ್ಟಿನೊಳಗಿನ ‘ನೈಗುವಾನ್’ ಬಿಂದುವಿನಿಂದ ಉಪಯೋಗ ಕಂಡಿದೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಬಂಜೆತನ ಎಲ್ಲವೂ ವಾಸಿ ಎಂಬ ಜಾಹೀರಾತುಗಳಿಗೆ ಇಂಥ ಆಧಾರವಿಲ್ಲ. ಪ್ರನಾಳ ಶಿಶು ಚಿಕಿತ್ಸೆಯ ಜೊತೆಗೆ ಅಕ್ಯುಪಂಕ್ಚರ್ ಪಡೆದ ಹೆಂಗಸರಲ್ಲಿ ಹೆರಿಗೆಯ ಪ್ರಮಾಣ ಹೆಚ್ಚಾಗಲಿಲ್ಲವೆಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ದೊಡ್ಡ ಅಧ್ಯಯನವೊಂದು 2018ರಲ್ಲಿ ತೋರಿಸಿತು.

ಅಪಾಯ, ಮತ್ತು ಹೋಗಬಾರದ ಸಂದರ್ಭ

ತರಬೇತಿ ಇದ್ದವರ ಕೈಯಲ್ಲಿ ಇದು ಅಪಾಯ ಕಡಿಮೆಯಿರುವ ಚಿಕಿತ್ಸೆ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ ಶೇ 8.6 ಮಂದಿಗೆ ಏನಾದರೊಂದು ತೊಂದರೆ ಆಗಿತ್ತು. ಬಹುಪಾಲು ರಕ್ತ ಒಸರುವುದು, ಕಪ್ಪುಗಟ್ಟುವುದು, ನೋವು ಇಷ್ಟೇ. ಶ್ವಾಸಕೋಶಕ್ಕೆ ಸೂಜಿ ತಾಗಿ ಎದೆಗೂಡಿನಲ್ಲಿ ಗಾಳಿ ತುಂಬಿದ ಪ್ರಕರಣ ಎರಡು. ಭುಜ, ಬೆನ್ನಿನ ಮೇಲ್ಭಾಗ, ಎದೆಗೆ ಸೂಜಿ ಹಾಕಿಸಿಕೊಂಡ ಮೇಲೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ನಾಳೆ ನೋಡೋಣ ಎನ್ನದೆ ಆಸ್ಪತ್ರೆಗೆ ಓಡಬೇಕು.

ದೊಡ್ಡ ಅಪಾಯ ಸೂಜಿಯದಲ್ಲ, ತಡವಾದ ರೋಗಪತ್ತೆಯದು. ಸೊಂಟನೋವಿನ ಜೊತೆ ಕಾಲಿನ ಬಲ ಕುಗ್ಗುವುದು, ಮೂತ್ರದ ಹಿಡಿತ ತಪ್ಪುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು, ಇವು ಅಕ್ಯುಪಂಕ್ಚರಿನ ಕೇಸುಗಳಲ್ಲ. ಸಕ್ಕರೆ, ಬಿಪಿ, ಮೂರ್ಛೆಯ ಮಾತ್ರೆ ನಿಲ್ಲಿಸಿದರೇ ಸೂಜಿ ಕೆಲಸ ಮಾಡುವುದು ಎಂದು ಹೇಳುವವರೂ ಇದ್ದಾರೆ. ಮಾತ್ರೆ ಕಡಿಮೆ ಮಾಡುವುದು ಅದನ್ನು ಬರೆದುಕೊಟ್ಟ ವೈದ್ಯರ ಕೆಲಸ.

ಈ ಮೂರು ತಾಲ್ಲೂಕುಗಳಿಗೆಂದೇ ಹೇಳಬೇಕಾದ ಎಚ್ಚರಿಕೆಯೊಂದಿದೆ. ಮಂಗನ ಕಾಯಿಲೆಯ ವೈರಸ್ಸು 1957ರಲ್ಲಿ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಲವರ ಜೀವ ತೆಗೆಯಿತು. ಡಿಸೆಂಬರಿನಿಂದ ಮೇವರೆಗೆ, ಸೊಪ್ಪು ದರಕಿಗೆ ಕಾಡಿಗೆ ಹೋಗುವ ಕಾಲದಲ್ಲೇ, ಉಣುಗು ಕಚ್ಚಿ ಬರುವ ಈ ಜ್ವರ ಶುರುವಾಗುವುದು ತಲೆನೋವು, ವಿಪರೀತ ಸೊಂಟನೋವು, ಮೈಕೈ ನೋವಿನಿಂದ. ಕೆಲಸದ ಆಯಾಸ ಎಂದುಕೊಂಡು ಸೂಜಿ ಹಾಕಿಸಿಕೊಳ್ಳಲು ಹೊರಡುವುದು ಸುಲಭ. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗುವ ಸಂಭವವಿರುವುದರಿಂದ ಹತ್ತು ಕಡೆ ಚುಚ್ಚಿಸಿಕೊಳ್ಳುವುದು ಅಪಾಯ. ಮಳೆಗಾಲದ ಡೆಂಗಿ, ಇಲಿಜ್ವರಕ್ಕೂ ಇದೇ ಮಾತು. ಜ್ವರವಿದ್ದ ಮೈನೋವಿಗೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ. ಚಿಕುನ್‌ಗುನ್ಯಾದಂಥ ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ಕೀಲುನೋವಿಗೆ ಅಕ್ಯುಪಂಕ್ಚರ್ ಮಾಡಿಸಿಕೊಳ್ಳುವುದಿದ್ದರೆ, ಪ್ಲೇಟ್‌ಲೆಟ್ ಸಹಜ ಮಟ್ಟಕ್ಕೆ ಬಂದಿದೆ ಎಂಬ ಲ್ಯಾಬಿನ ಚೀಟಿ ಮೊದಲ ಭೇಟಿಯ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲಿರಬೇಕು.